ಮೊದಲು ಬೇರ್ ಆಕ್ಟ್, ಆಮೇಲೆ ಗೈಡ್: 1872ರ ಕರಾರು ಕಾಯ್ದೆಯ ಪುಟ್ಟ ಪುಸ್ತಕ ಹೇಗಿದೆ?

ಬಿ.ಕಾಂ., ಬಿಬಿಎ ಓದುವವರು ಕಾನೂನಿನ ಪೇಪರ್‌ಗೆ ಯಾವ ಪುಸ್ತಕ ತಗೋಬೇಕು ಎಂದು ಕೇಳಿದಾಗಲೆಲ್ಲ ನಾನು ಕೊಡುವ ಉತ್ತರ ಒಂದೇ: 1872ರ ಭಾರತೀಯ ಕರಾರು ಕಾಯ್ದೆಯ ಬೇರ್ ಆಕ್ಟ್. ಕಾಯ್ದೆಯ ಮೂಲ ಪಠ್ಯ ಬಿಟ್ಟು ಬೇರೇನೂ ಇಲ್ಲದ ತೆಳು ಪುಸ್ತಕ. ಬೆಲೆಯೂ ಕಡಿಮೆ. ನಾನು ಪದವಿ ಕಾಲೇಜಿನಲ್ಲಿ ವ್ಯವಹಾರ ಕಾನೂನು ಪಾಠ ಮಾಡುತ್ತೇನೆ. ಅದಕ್ಕೂ ಮೊದಲು ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡಿದ್ದೆ. ಎರಡೂ ಕಡೆ ನನ್ನ ಮೇಜಿನ ಮೇಲೆ ಈ ಪುಸ್ತಕ ಇತ್ತು. ಬೇರೆ ಬೇರೆ ಪ್ರಕಾಶಕರ ಪ್ರತಿಗಳನ್ನು ಬಳಸಿದ್ದೇನೆ. ಹಾಗಾಗಿ ಇದು ಒಂದು ಮುದ್ರಣದ ವಿಮರ್ಶೆಯಲ್ಲ. ಈ ಬಗೆಯ ಪುಸ್ತಕ ವಾಣಿಜ್ಯದ ವಿದ್ಯಾರ್ಥಿಗೆ ಎಷ್ಟು ಉಪಯೋಗ, ಎಲ್ಲಿ ಸಾಲದು, ಕೊಳ್ಳುವಾಗ ಏನು ನೋಡಬೇಕು ಎಂಬುದನ್ನು ಹೇಳುತ್ತೇನೆ.

ಪರೀಕ್ಷೆ ಹತ್ತಿರ ಬಂದಾಗ ಗೈಡ್ ಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ಮೊದಲ ದಿನವೇ ಗೈಡ್ ಹಿಡಿದರೆ ಕಾನೂನು ಎಂದರೆ ಬಾಯಿಪಾಠ ಮಾಡುವ ಆರು ಅಂಶ, ಎಂಟು ಅಂಶ ಎಂಬ ಭಾವನೆ ಕೂತುಬಿಡುತ್ತದೆ. ‘ಕರಾರಿನ ಅಗತ್ಯ ಅಂಶಗಳು ಯಾವುವು’ ಎಂದರೆ ಪಟಪಟ ಹೇಳುತ್ತಾರೆ. ಅವು ಎಲ್ಲಿಂದ ಬಂದವು, ಯಾರು ಹೇಳಿದ್ದು ಎಂದರೆ ಸುಮ್ಮನಾಗುತ್ತಾರೆ. ಗೈಡ್ ಬರೆದವರು ಹೇಳಿದ್ದಲ್ಲ ತಾನೆ? ಈ ಪುಸ್ತಕ ಕಲಿಸುವುದು ಅದನ್ನೇ. ಯಾವುದೇ ನಿಯಮ ಕಣ್ಣಿಗೆ ಬಿದ್ದರೆ, ಇದಕ್ಕೆ ಅಧಿಕಾರ ಕೊಟ್ಟವರು ಯಾರು ಎಂದು ಕೇಳುವ ಅಭ್ಯಾಸ.

ಪುಸ್ತಕ ತೆರೆದ ಕೂಡಲೇ ವಿಷಯಸೂಚಿ. ಅಲ್ಲೇ ಒಂದು ವಿಚಿತ್ರ ಕಾಣುತ್ತದೆ. ಸೆಕ್ಷನ್ 75 ಮುಗಿದ ಮೇಲೆ ಬರುವುದು 124. ಮಧ್ಯದ ಪುಟಗಳು ಬಿಟ್ಟುಹೋಗಿವೆ ಎಂದು ಪುಸ್ತಕ ವಾಪಸ್ ಕೊಡಲು ಹೊರಟ ಮಕ್ಕಳಿದ್ದಾರೆ. ಪುಟ ಬಿಟ್ಟುಹೋಗಿಲ್ಲ. 76ರಿಂದ 123ರವರೆಗಿನ ಸೆಕ್ಷನ್‌ಗಳು ಸರಕುಗಳ ಮಾರಾಟದ ಬಗ್ಗೆ ಇದ್ದವು. 1930ರಲ್ಲಿ ಸರಕು ಮಾರಾಟಕ್ಕೇ ಬೇರೆ ಕಾಯ್ದೆ ಬಂತು, ಇಲ್ಲಿಂದ ಅವನ್ನು ತೆಗೆದರು. ಕೊನೆಯಲ್ಲೂ ಹಾಗೆಯೇ. ಕಾಯ್ದೆ 238ಕ್ಕೆ ನಿಲ್ಲುತ್ತದೆ. 239ರಿಂದ 266ರವರೆಗೆ ಪಾಲುದಾರಿಕೆ ಇತ್ತು, 1932ರಲ್ಲಿ ಅದಕ್ಕೂ ಸ್ವಂತ ಕಾಯ್ದೆಯಾಯಿತು. ಉಳಿದ ಸೆಕ್ಷನ್‌ಗಳಿಗೆ ಹೊಸ ಸಂಖ್ಯೆ ಕೊಡಲಿಲ್ಲ. ಹಳೆಯ ತೀರ್ಪುಗಳಲ್ಲೆಲ್ಲ ಹಳೆಯ ಸಂಖ್ಯೆಯೇ ಇರುವಾಗ ಬದಲಿಸಿದರೆ ಗೊಂದಲ ಅಲ್ವಾ? ಬಿ.ಕಾಂ. ಪಠ್ಯದಲ್ಲಿ ಮೂರು ಬೇರೆ ಅಧ್ಯಾಯಗಳಾಗಿ ಬರುವ ಕರಾರು, ಸರಕು ಮಾರಾಟ, ಪಾಲುದಾರಿಕೆ ಒಂದು ಕಾಲದಲ್ಲಿ ಒಂದೇ ಕಾಯ್ದೆಯೊಳಗಿದ್ದವು. ವಿಷಯಸೂಚಿಯ ಆ ಖಾಲಿ ಜಾಗ ನೋಡಿದರೇ ಇದು ಗೊತ್ತಾಗುತ್ತದೆ.

ಇನ್ನು ಸೆಕ್ಷನ್ 2. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಹೆಚ್ಚು ಬೆಲೆಬಾಳುವ ಪುಟ ಇದು. ಪ್ರಸ್ತಾವ ಎಂದರೇನು ಎಂದು ಮೊದಲು ಹೇಳುತ್ತದೆ. ಪ್ರಸ್ತಾವಕ್ಕೆ ಒಪ್ಪಿಗೆ ಸಿಕ್ಕರೆ ಅದು ವಚನ. ವಚನಕ್ಕೆ ಪ್ರತಿಫಲ, ಅಂದರೆ ಅದಕ್ಕೆ ಬದಲಾಗಿ ಸಿಗುವಂಥದ್ದು, ಸೇರಿದರೆ ಒಪ್ಪಂದ. ಕಾನೂನಿನ ಮೂಲಕ ಜಾರಿ ಮಾಡಿಸಬಹುದಾದ ಒಪ್ಪಂದವೇ ಕರಾರು. ಒಂದೊಂದು ವ್ಯಾಖ್ಯೆಯೂ ಹಿಂದಿನದರ ಮೇಲೆ ನಿಂತಿದೆ. ಅನೂರ್ಜಿತ, ಅಂದರೆ ಕಾನೂನಿನ ಬಲವಿಲ್ಲದ್ದು, ಯಾವುದು, ಒಬ್ಬರ ಇಚ್ಛೆಯ ಮೇಲೆ ಅನೂರ್ಜಿತವಾಗಬಲ್ಲದ್ದು ಯಾವುದು ಎಂಬುದೂ ಅಲ್ಲೇ ಇದೆ. ಗೈಡ್‌ಗಳಲ್ಲಿ ಇವೆಲ್ಲ ಬೇರೆ ಬೇರೆ ಎರಡಂಕದ ಪ್ರಶ್ನೆಗಳು. ಬೇರ್ ಆಕ್ಟ್‌ನಲ್ಲಿ ಒಂದೇ ಉಸಿರಿನಲ್ಲಿ ಓದಿದಾಗ ಮಾತ್ರ ಒಂದರಿಂದ ಇನ್ನೊಂದು ಹುಟ್ಟುವುದು ಕಾಣುತ್ತದೆ. ತರಗತಿಯಲ್ಲಿ ನಾನು ಈ ಪುಟವನ್ನು ಗಟ್ಟಿಯಾಗಿ ಓದಿಸುತ್ತೇನೆ. ಇಂಗ್ಲಿಷ್ ಕಷ್ಟ ಎನ್ನುವವರೂ ಎರಡನೇ ಸಲಕ್ಕೆ ಹಿಡಿಯುತ್ತಾರೆ.

ಸೆಕ್ಷನ್ 10ರ ಮೇಲೂ ಸ್ವಲ್ಪ ಹೊತ್ತು ನಿಲ್ಲಬೇಕು. ಗೈಡ್‌ಗಳ ಆ ‘ಅಗತ್ಯ ಅಂಶಗಳ’ ಪಟ್ಟಿ ಹುಟ್ಟಿದ್ದು ಮುಖ್ಯವಾಗಿ ಇಲ್ಲಿಂದ: ಮುಕ್ತ ಸಮ್ಮತಿ, ಅರ್ಹ ವ್ಯಕ್ತಿಗಳು, ಕಾನೂನುಬದ್ಧ ಪ್ರತಿಫಲ, ಕಾನೂನುಬದ್ಧ ಉದ್ದೇಶ. ಆದರೆ ಇದರ ಎರಡನೇ ಪ್ಯಾರಾವನ್ನು ಗೈಡ್‌ಗಳು ಎಷ್ಟೋ ಸಲ ಬಿಟ್ಟುಬಿಡುತ್ತವೆ. ಬೇರೆ ಯಾವುದಾದರೂ ಕಾನೂನು ಬರಹ, ಸಾಕ್ಷಿ ಅಥವಾ ನೋಂದಣಿ ಬೇಕು ಎಂದಿದ್ದರೆ ಅದಕ್ಕೆ ಈ ಸೆಕ್ಷನ್ ಅಡ್ಡಿಯಿಲ್ಲ ಎನ್ನುತ್ತದೆ ಆ ಪ್ಯಾರಾ. ಅಂದರೆ ಬಾಯಿಮಾತಿನ ಕರಾರೂ ಕರಾರೇ. ಆದರೆ ನೂರು ರೂಪಾಯಿ ಅಥವಾ ಅದಕ್ಕೂ ಜಾಸ್ತಿ ಬೆಲೆಯ ಜಮೀನು, ಮನೆ ಮಾರುವುದಾದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ನೋಂದಾಯಿತ ಪತ್ರ ಕೇಳುತ್ತದೆ. ಒಂದು ಕಾಯ್ದೆ ಇನ್ನೊಂದಕ್ಕೆ ಜಾಗ ಬಿಡುವುದನ್ನು ಮೂರು ಸಾಲಿನಲ್ಲಿ ಕಲಿಯಬಹುದು.

ಈ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದದ್ದು ಉದಾಹರಣೆಗಳು. ಸೆಕ್ಷನ್‌ಗಳ ಕೆಳಗೆ ಕಾಯ್ದೆಯೇ ಪುಟ್ಟ ಪುಟ್ಟ ಸಂದರ್ಭಗಳನ್ನು ಕೊಡುತ್ತದೆ. ಅವು ಬರಿಯ ಅಲಂಕಾರವಲ್ಲ, ಕಾಯ್ದೆಯ ಭಾಗವೇ. ಸೆಕ್ಷನ್ 29 ನೋಡಿ. ಅರ್ಥ ಖಚಿತವಿಲ್ಲದ, ಖಚಿತ ಮಾಡಲೂ ಆಗದ ಒಪ್ಪಂದ ಅನೂರ್ಜಿತ ಎನ್ನುತ್ತದೆ. ಒಬ್ಬ ‘ನೂರು ಟನ್ ಎಣ್ಣೆ’ ಮಾರುತ್ತೇನೆ ಎಂದು ಒಪ್ಪುತ್ತಾನೆ. ಯಾವ ಎಣ್ಣೆ? ಗೊತ್ತಿಲ್ಲ. ಹಾಗಾಗಿ ಅನೂರ್ಜಿತ. ಮುಂದೆ ಇನ್ನೊಂದು ಉದಾಹರಣೆ. ತೆಂಗಿನ ಎಣ್ಣೆಯೊಂದನ್ನೇ ಮಾರುವ ವ್ಯಾಪಾರಿ ಅದೇ ‘ನೂರು ಟನ್ ಎಣ್ಣೆ’ ಮಾರುತ್ತೇನೆ ಎನ್ನುತ್ತಾನೆ. ಈಗ ಒಪ್ಪಂದ ನಿಲ್ಲುತ್ತದೆ. ಅವನ ವ್ಯಾಪಾರವೇ ಯಾವ ಎಣ್ಣೆ ಎಂದು ಹೇಳುತ್ತದೆ. ಮಾತು ಒಂದೇ, ಆಡಿದವನು ಬೇರೆ, ಫಲ ಬೇರೆ. ಕಾನೂನು ಪದಗಳನ್ನು ಗಾಳಿಯಲ್ಲಿಟ್ಟು ಓದುವುದಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಸೆಕ್ಷನ್ 25ರಲ್ಲಿ ಸಾವಿರ ರೂಪಾಯಿಯ ಕುದುರೆಯನ್ನು ಹತ್ತು ರೂಪಾಯಿಗೆ ಮಾರಲು ಒಪ್ಪಿದವನಿದ್ದಾನೆ. ಒಪ್ಪಿಗೆ ಮುಕ್ತವಾಗಿದ್ದರೆ ಅದು ಕರಾರೇ. ಪ್ರತಿಫಲ ಇರಬೇಕು ಅಷ್ಟೇ, ಸಾಕಷ್ಟಿದೆಯೇ ಎಂದು ನ್ಯಾಯಾಲಯ ತೂಗುವುದಿಲ್ಲ. ಆದರೆ ಒಪ್ಪಿಗೆ ನಿಜವಾಗಿ ಮುಕ್ತವಾಗಿತ್ತೇ ಎಂದು ನೋಡುವಾಗ ಬೆಲೆ ಇಷ್ಟು ಕಡಿಮೆಯಿದ್ದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಸೆಕ್ಷನ್ 17ರಲ್ಲಿ ಇನ್ನೊಂದು ಕುದುರೆ. ಅದು ರೋಗಿ ಎಂದು ಮಾಲೀಕನಿಗೆ ಗೊತ್ತು, ಆದರೆ ಹರಾಜಿನಲ್ಲಿ ಏನೂ ಹೇಳದೆ ಮಾರುತ್ತಾನೆ. ಅದು ವಂಚನೆಯಲ್ಲ. ಕೊಳ್ಳುವವಳು ಈಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದ ಅವನ ಮಗಳಾದರೆ? ಆಗ ಹೇಳುವುದು ಅವನ ಕರ್ತವ್ಯ. ಮೌನ ಯಾವಾಗ ಮೋಸವಾಗುತ್ತದೆ ಎಂದು ಈ ಎರಡು ಉದಾಹರಣೆ ಅಕ್ಕಪಕ್ಕ ಇಟ್ಟು ಕೇಳಿದರೆ ತರಗತಿಯಲ್ಲಿ ಒಂದು ಗಂಟೆ ಚರ್ಚೆ ನಡೆಯುತ್ತದೆ. ಸೆಕ್ಷನ್ 56ರಲ್ಲಿ ಮಾಟಮಂತ್ರದಿಂದ ನಿಧಿ ಹುಡುಕಿಕೊಡುವ ಒಪ್ಪಂದವೂ ಇದೆ. ಅಸಾಧ್ಯವಾದ ಕೆಲಸ, ಅನೂರ್ಜಿತ.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಬೇರ್ ಆಕ್ಟ್ ಕಾನೂನಿನ ಒಂದು ಮೂಲವನ್ನು ಮಾತ್ರ ಕೊಡುತ್ತದೆ. ಶಾಸನ ಎಂಬ ಮೂಲ. ತೀರ್ಪು ಇದರಲ್ಲಿಲ್ಲ. ಇದನ್ನು ಅರಿಯದೆ ಓದಿದರೆ ಎಡವುತ್ತೀರಿ.

ಅದಕ್ಕೆ ಒಳ್ಳೆಯ ನಿದರ್ಶನ ಸೆಕ್ಷನ್ 11. ಕರಾರು ಮಾಡಲು ಅರ್ಹತೆ ಯಾರಿಗೆ ಎಂದು ಅದು ಹೇಳುತ್ತದೆ: ಪ್ರಾಪ್ತ ವಯಸ್ಸಿಗೆ ಬಂದವರು, ಸ್ವಸ್ಥ ಮನಸ್ಸಿನವರು, ತಮಗೆ ಅನ್ವಯಿಸುವ ಯಾವುದೇ ಕಾನೂನಿನಿಂದ ಅನರ್ಹರಾಗದವರು. ಎಷ್ಟು ವರ್ಷಕ್ಕೆ ಪ್ರಾಪ್ತ ವಯಸ್ಸು ಎಂಬುದು ಈ ಕಾಯ್ದೆಯಲ್ಲಿಲ್ಲ. ಹದಿನೆಂಟು ಎಂದು ಹೇಳುವುದು 1875ರ ಪ್ರಾಪ್ತ ವಯಸ್ಸಿನ ಕಾಯ್ದೆ. ಸರಿ, ಹದಿನೇಳರ ಹುಡುಗ ಸಾಲಪತ್ರಕ್ಕೆ ಸಹಿ ಹಾಕಿದರೆ ಏನಾಗುತ್ತದೆ? ಒಪ್ಪಂದ ಪೂರ್ತಿ ಅನೂರ್ಜಿತವೇ, ಇಲ್ಲಾ ಅವನು ಬೇಡವೆಂದರೆ ಮಾತ್ರ ಬೀಳುತ್ತದೆಯೇ? ಸೆಕ್ಷನ್ 11ನ್ನು ಎಷ್ಟು ಸಲ ಓದಿದರೂ ನೇರ ಉತ್ತರ ಸಿಗುವುದಿಲ್ಲ.

ಉತ್ತರ ಬಂದದ್ದು ಮೊಹೊರಿ ಬೀಬಿ ವಿರುದ್ಧ ಧರ್ಮೊದಾಸ್ ಘೋಷ್ ಪ್ರಕರಣದಲ್ಲಿ. 1895ರಲ್ಲಿ ಕಲ್ಕತ್ತಾದ ಅಪ್ರಾಪ್ತ ಹುಡುಗನೊಬ್ಬ ಇಪ್ಪತ್ತು ಸಾವಿರ ರೂಪಾಯಿ ಸಾಲಕ್ಕೆಂದು ತನ್ನ ಮನೆಗಳನ್ನು ಲೇವಾದೇವಿಗಾರನಿಗೆ ಅಡಮಾನ ಬರೆದುಕೊಟ್ಟ. ಹುಡುಗ ಇನ್ನೂ ಅಪ್ರಾಪ್ತ ಎಂಬುದು ಲೇವಾದೇವಿಗಾರನ ಪರವಾಗಿ ವ್ಯವಹಾರ ನೋಡಿಕೊಳ್ಳುತ್ತಿದ್ದ ವಕೀಲನಿಗೆ ಗೊತ್ತಿತ್ತು. ಆಮೇಲೆ ತಾಯಿಯ ಮೂಲಕ ಹುಡುಗ ದಾವೆ ಹೂಡಿ ಅಡಮಾನ ರದ್ದಾಗಬೇಕು ಎಂದ. ಆಗ ಭಾರತದ ಮೊಕದ್ದಮೆಗಳಿಗೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್‌ನ ಪ್ರಿವಿ ಕೌನ್ಸಿಲ್ 1903ರಲ್ಲಿ ತೀರ್ಪು ಕೊಟ್ಟಿತು: ಅಪ್ರಾಪ್ತನ ಒಪ್ಪಂದ ಮೊದಲಿನಿಂದಲೇ ಅನೂರ್ಜಿತ. ಅಂದರೆ ಸೆಕ್ಷನ್ 11ರ ಬಗ್ಗೆ ಇವತ್ತು ನಾವು ಪರೀಕ್ಷೆಯಲ್ಲಿ ಬರೆಯುವ ಮುಖ್ಯ ಮಾತು ಸೆಕ್ಷನ್ 11ರೊಳಗೆ ಇಲ್ಲವೇ ಇಲ್ಲ. ಅದು ತೀರ್ಪಿನಲ್ಲಿದೆ. ನನ್ನ ಪ್ರತಿಯಲ್ಲಿ ಆ ಸೆಕ್ಷನ್‌ನ ಅಂಚಿಗೆ ‘1903’ ಎಂದು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಮಕ್ಕಳಿಗೂ ಹಾಗೆ ಬರೆಸುತ್ತೇನೆ.

ಇನ್ನೊಂದು ಉದಾಹರಣೆ ಫೋನಿನದು. ಸೆಕ್ಷನ್ 4ರ ಉದಾಹರಣೆಗಳಲ್ಲಿ ಅಂಚೆ ಪತ್ರವಿದೆ, ಟೆಲಿಗ್ರಾಂ ಇದೆ. ಟೆಲಿಫೋನ್ ಇಲ್ಲ. ಹೇಗಿರಲು ಸಾಧ್ಯ? ಕಾಯ್ದೆ ಬಂದದ್ದು 1872ರಲ್ಲಿ, ಟೆಲಿಫೋನಿಗೆ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ಫೋನಿನಲ್ಲಿ ಒಪ್ಪಿದರೆ ಕರಾರು ಎಲ್ಲಿ ಹುಟ್ಟಿತು ಎಂಬ ಪ್ರಶ್ನೆ ಭಗವಾನದಾಸ್ ಗೋವರ್ಧನದಾಸ್ ಕೇಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. ಒಪ್ಪಿಗೆಯ ಮಾತು ಕೇಳಿಸಿದ ಊರಿನಲ್ಲಿ ಎಂದು 1965ರ ಬಹುಮತದ ತೀರ್ಪು ಹೇಳಿತು. ಇನ್ನು ಇ-ಮೇಲ್, ಆ್ಯಪ್‌ನಲ್ಲಿ ಒತ್ತುವ ‘ಒಪ್ಪುತ್ತೇನೆ’ ಬಟನ್? ಅಲ್ಲಿ ಉತ್ತರ ತೀರ್ಪಿನಿಂದಲ್ಲ, ಇನ್ನೊಂದು ಶಾಸನದಿಂದ ಬಂತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಆಮೇಲೆ ಸೇರಿಸಿದ ಸೆಕ್ಷನ್ 10ಎ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಜಾರಿಯಾಗದೆ ಹೋಗುವುದಿಲ್ಲ. ಹಳೆಯ ಕಾಯ್ದೆ ಹೀಗೆ ಎರಡು ಕಡೆಯಿಂದ ಬೆಳೆಯುತ್ತಾ ಬಂದಿದೆ.

ತೀರ್ಪಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಬದ್ಧ ಎನ್ನುತ್ತದೆ ಸಂವಿಧಾನದ 141ನೇ ವಿಧಿ. ಆದರೆ ತೀರ್ಪಿನಲ್ಲಿರುವ ಪ್ರತಿ ವಾಕ್ಯವೂ ಕಾನೂನಲ್ಲ. ಆ ಪ್ರಕರಣ ತೀರ್ಮಾನವಾಗಲು ಯಾವ ಕಾರಣ ಬೇಕಿತ್ತೋ ಅದು ಬದ್ಧ. ಜೊತೆಗೆ ಹೇಳಿದ ಮಾತುಗಳಿಗೆ ಗೌರವವುಂಟು, ಅಷ್ಟೇ ಬಲವಿಲ್ಲ. ಹಾಗೆಯೇ ಕರ್ನಾಟಕ ಹೈಕೋರ್ಟ್ ತೀರ್ಪು ನಮ್ಮ ರಾಜ್ಯದ ಕೆಳ ನ್ಯಾಯಾಲಯಗಳಿಗೆ ಬದ್ಧ. ಬೇರೆ ರಾಜ್ಯದ ಹೈಕೋರ್ಟ್ ಹೇಳಿದ್ದನ್ನು ಇಲ್ಲಿ ವಾದಕ್ಕೆ ಬಳಸಬಹುದು, ಕಟ್ಟುಪಾಡಿಲ್ಲ.

ಈಗ ಸೆಕ್ಷನ್ 1ಕ್ಕೆ ಬನ್ನಿ. ಹೆಸರು, ವ್ಯಾಪ್ತಿ, ಜಾರಿ ದಿನಾಂಕ ಎಂದು ಎಲ್ಲರೂ ಹಾರಿಸಿ ಓದುವ ಸೆಕ್ಷನ್. ಜಾರಿಗೆ ಬಂದದ್ದು 1872ರ ಸೆಪ್ಟೆಂಬರ್ 1ರಂದು. ಅದೇ ಸೆಕ್ಷನ್‌ನ ಕೊನೆಯಲ್ಲಿ, ಈ ಕಾಯ್ದೆಗೆ ವಿರುದ್ಧವಲ್ಲದ ವ್ಯಾಪಾರದ ರೂಢಿಗಳಿಗೆ ಧಕ್ಕೆಯಿಲ್ಲ ಎಂಬ ಮಾತಿದೆ. ಕಾನೂನಿನ ಮೂಲಗಳು ಎಂದು ಪಾಠ ಮಾಡುವಾಗ ‘ರೂಢಿ’ ಎಂದು ಒಂದು ಸಾಲು ಬರೆಸಿ ಮುಂದೆ ಹೋಗುತ್ತೇವಲ್ಲ, ಆ ರೂಢಿ ಇಲ್ಲಿ ಶಾಸನದ ಮೊದಲ ಸೆಕ್ಷನ್‌ನಲ್ಲೇ ಕೂತಿದೆ. ಚೆಕ್ಕು, ಪ್ರಾಮಿಸರಿ ನೋಟಿನಂಥವುಗಳ ಬಗ್ಗೆ ಇರುವ 1881ರ ವರ್ಗಾವಣೀಯ ಪತ್ರಗಳ ಕಾಯ್ದೆಯ ಸೆಕ್ಷನ್ 1 ಕೂಡ ದೇಶೀ ಭಾಷೆಗಳಲ್ಲಿ ಬರೆದ ಪತ್ರಗಳ ಸ್ಥಳೀಯ ರೂಢಿಯನ್ನು ಮುಟ್ಟುವುದಿಲ್ಲ ಎನ್ನುತ್ತದೆ. ಹುಂಡಿಗಳ, ಅಂದರೆ ವ್ಯಾಪಾರಿಗಳು ಹಣ ಕೊಡಲು ಬರೆಯುತ್ತಿದ್ದ ಸಾಂಪ್ರದಾಯಿಕ ಪತ್ರಗಳ, ವ್ಯವಹಾರ ತನ್ನದೇ ರೂಢಿಯಲ್ಲಿ ನಡೆದದ್ದು ಇದರಿಂದ. ಚೆಕ್ ಬೌನ್ಸ್‌ನ ಸೆಕ್ಷನ್ 138 ಇರುವುದೂ ಈ ಕಾಯ್ದೆಯಲ್ಲೇ.

ಬ್ರಿಟಿಷರ ಕಾಲದ ಈ ಕರಾರು ಕಾಯ್ದೆ ಇವತ್ತಿಗೂ ಯಾಕೆ ನಡೆಯುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ಸಂವಿಧಾನದ 372ನೇ ವಿಧಿಯಲ್ಲಿದೆ. ಸಂವಿಧಾನ ಬರುವ ಮೊದಲು ಇದ್ದ ಕಾನೂನುಗಳು, ಅಧಿಕಾರವುಳ್ಳವರು ಬದಲಿಸುವವರೆಗೂ ರದ್ದು ಮಾಡುವವರೆಗೂ ಮುಂದುವರಿಯುತ್ತವೆ. ಮೂಲಭೂತ ಹಕ್ಕಿಗೆ ವಿರುದ್ಧವಾದರೆ ಅಷ್ಟರ ಮಟ್ಟಿಗೆ ಬೀಳುತ್ತವೆ, ಅದು 13ನೇ ವಿಧಿ. ಬದಲಿಸುವ ಅಧಿಕಾರ ಯಾರಿಗೆ? ಕಾನೂನು ಮಾಡುವ ವಿಷಯಗಳನ್ನು ಕೇಂದ್ರಕ್ಕೂ ರಾಜ್ಯಕ್ಕೂ ಹಂಚುವ ಸಂವಿಧಾನದ ಏಳನೇ ಅನುಸೂಚಿ ನೋಡಿ. ಕರಾರು ಸಮವರ್ತಿ ಪಟ್ಟಿಯಲ್ಲಿದೆ, ಸಂಸತ್ತೂ ವಿಧಾನಮಂಡಲವೂ ಎರಡೂ ಕಾನೂನು ಮಾಡಬಹುದು. ಬ್ಯಾಂಕಿಂಗ್, ಚೆಕ್ಕು, ವಿಮೆ ಕೇಂದ್ರದ ಪಟ್ಟಿಯಲ್ಲಿವೆ. ಸಂತೆ, ಜಾತ್ರೆ, ಮಾರುಕಟ್ಟೆ ರಾಜ್ಯದ ಪಟ್ಟಿಯಲ್ಲಿವೆ. ಬೇರ್ ಆಕ್ಟ್‌ನಲ್ಲಿ ಇದ್ಯಾವುದೂ ಇಲ್ಲ. ಹಾಗಾಗಿ ಇದರ ಪಕ್ಕದಲ್ಲಿ ಸಂವಿಧಾನದ ಒಂದು ಪ್ರತಿ ಇರಲೇಬೇಕು.

ಈ ಅಧಿಕಾರದ ಸರಪಳಿ ಪೂರ್ತಿ ಕಾಣಬೇಕೆಂದರೆ ಜಿಎಸ್‌ಟಿ ಹಿಡಿಯಿರಿ. ವಾಣಿಜ್ಯದ ಮಕ್ಕಳಿಗೆ ಹೇಗೂ ಅದು ಬೇಕು. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ವಸೂಲಿ ಮಾಡುವಂತಿಲ್ಲ ಎನ್ನುತ್ತದೆ ಸಂವಿಧಾನದ 265ನೇ ವಿಧಿ. 2016ರ 101ನೇ ತಿದ್ದುಪಡಿ 246ಎ ವಿಧಿಯನ್ನು ಸೇರಿಸಿ ಕೇಂದ್ರಕ್ಕೂ ರಾಜ್ಯಗಳಿಗೂ ಅಧಿಕಾರ ಕೊಟ್ಟಿತು. ಆ ಬಲದ ಮೇಲೆ 2017ರಲ್ಲಿ ಕೇಂದ್ರ ಜಿಎಸ್‌ಟಿ ಕಾಯ್ದೆ ಬಂತು, ಕರ್ನಾಟಕದ ಜಿಎಸ್‌ಟಿ ಕಾಯ್ದೆಯೂ ಬಂತು. ಕಾಯ್ದೆಯ ಅಡಿಯಲ್ಲಿ ನಿಯಮಗಳು, ಅಧಿಸೂಚನೆಗಳು. ಕೊನೆಗೆ ಅಧಿಕಾರಿಗಳಿಗೆ ಕಳಿಸುವ ಸುತ್ತೋಲೆಗಳು.

2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾದವಲ್ಲ, ಆಗ ಸಂಸತ್ತು ದರಕ್ಕೆಂದು ಹೊಸ ಕಾಯ್ದೆ ಮಾಡಲಿಲ್ಲ. ಅಧಿಸೂಚನೆ ಹೊರಟಿತು. ಸರ್ಕಾರಕ್ಕೆ ಆ ಅಧಿಕಾರ ಎಲ್ಲಿಂದ ಬಂತು? ಕಾಯ್ದೆಯ ಸೆಕ್ಷನ್ 9ರಿಂದ. ಅದೇ ಸೆಕ್ಷನ್ ಮಿತಿಯನ್ನೂ ಹಾಕಿದೆ: ಕೇಂದ್ರ ಜಿಎಸ್‌ಟಿ ಶೇ 20 ಮೀರಬಾರದು. ರಾಜ್ಯದ್ದೂ ಅಷ್ಟೇ. ಎರಡೂ ಸೇರಿದರೆ ಶೇ 40. ಆಗ ಕೆಲವು ಸರಕುಗಳಿಗೆ ಹಾಕಿದ ಶೇ 40ರ ದರ ಆ ಮಿತಿಗೆ ಸರಿಯಾಗಿ ಬಂದು ನಿಂತಿದೆ. ಪತ್ರಿಕೆಯಲ್ಲಿ ದರದ ಸುದ್ದಿ ಓದುವಾಗ ಇಷ್ಟು ತಿಳಿದಿದ್ದರೆ ಓದುವ ರೀತಿಯೇ ಬದಲಾಗುತ್ತದೆ. ಆಡಿಟರ್ ಕಚೇರಿಯಲ್ಲಿ ನೋಟಿಸ್ ಬಂದಾಗಲೆಲ್ಲ ನಾವು ಮೊದಲು ನೋಡುತ್ತಿದ್ದದ್ದೂ ಇದನ್ನೇ. ಇದು ಯಾವ ಸೆಕ್ಷನ್ ಅಡಿಯಲ್ಲಿ ಬಂದಿದೆ? ಸುತ್ತೋಲೆಯನ್ನು ಆಧರಿಸಿದ್ದರೆ, ಆ ಸುತ್ತೋಲೆ ಕಾಯ್ದೆಯನ್ನು ದಾಟಿ ಹೋಗಿದೆಯೇ? ಸುತ್ತೋಲೆ ಕಾಯ್ದೆಯನ್ನು ವಿವರಿಸಬಹುದು, ಹೊಸ ಹೊರೆ ಹೊರಿಸುವಂತಿಲ್ಲ.

ಮತ್ತೆ ಪುಸ್ತಕಕ್ಕೆ ಬರೋಣ. ಕೆಲಸಕ್ಕೆ ಸೇರುವ ಹೊತ್ತಿನ ಪ್ರತಿ ವಿದ್ಯಾರ್ಥಿಗೂ ನಾನು ಸೆಕ್ಷನ್ 27 ತೋರಿಸುತ್ತೇನೆ. ಒಂದೇ ವಾಕ್ಯದ ಸೆಕ್ಷನ್. ಯಾರನ್ನಾದರೂ ಕಾನೂನುಬದ್ಧ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಒಪ್ಪಂದ ಅಷ್ಟರ ಮಟ್ಟಿಗೆ ಅನೂರ್ಜಿತ. ವ್ಯಾಪಾರದ ಗುಡ್‌ವಿಲ್ (ಅದು ಗಳಿಸಿದ ಹೆಸರು, ಗಿರಾಕಿಗಳ ನಂಬಿಕೆ) ಮಾರಿದವರಿಗೆ ಮಾತ್ರ ವಿನಾಯಿತಿ ಇದೆ. ಇದನ್ನು ಓದಿದ ಹುಡುಗರು ಹಾಗಾದರೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಎಂದು ಬರೆದುಕೊಡುವ ಬಾಂಡ್ ಯಾವುದೂ ನಿಲ್ಲುವುದಿಲ್ಲ ಎಂದುಕೊಂಡುಬಿಡುತ್ತಾರೆ. ಅಲ್ಲೇ ನಿಂತರೆ ಅಪಾಯ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಷರತ್ತನ್ನು ಎತ್ತಿಹಿಡಿಯಿತು. ಮೂರು ವರ್ಷ ಕೆಲಸ ಮಾಡಬೇಕು, ಮೊದಲೇ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕು ಎಂಬ ಷರತ್ತು ಅದು. ಕೆಲಸದಲ್ಲಿ ಇರುವಾಗಿನ ಕಟ್ಟುಪಾಡು ಬೇರೆ, ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯದಂತೆ ತಡೆಯುವುದು ಬೇರೆ ಎಂಬ ವ್ಯತ್ಯಾಸ ಅಲ್ಲಿ ಮುಖ್ಯವಾಯಿತು. ಇಪ್ಪತ್ತೊಂದು ವರ್ಷದ ಮಕ್ಕಳು ನೇಮಕಾತಿ ಪತ್ರವನ್ನು ಸುಮ್ನೆ ಕೊನೆಯ ಪುಟಕ್ಕೆ ಹೋಗಿ ಸಹಿ ಹಾಕಿ ಬರುತ್ತಾರೆ. ನನಗೆ ಇದು ತುಂಬಾ ನೋವಿನ ವಿಷಯ. ಸಹಿಗೆ ಮೊದಲು ಸೆಕ್ಷನ್ 27, ಪರಿಹಾರದ ಮೊತ್ತದ ಬಗ್ಗೆ ಹೇಳುವ ಸೆಕ್ಷನ್ 74, ಇವೆರಡನ್ನು ಓದಿ. ಕಾನೂನು ಗೊತ್ತಿರಲಿಲ್ಲ ಎಂಬ ಕಾರಣಕ್ಕೆ ಕರಾರಿನಿಂದ ಹೊರಬರಲಾಗುವುದಿಲ್ಲ ಎಂದು ಸೆಕ್ಷನ್ 21 ಸ್ಪಷ್ಟವಾಗಿ ಹೇಳಿದೆ.

ಇನ್ನು ಕೊಳ್ಳುವ ವಿಷಯ. ಬೇರ್ ಆಕ್ಟ್‌ಗಳ ದೊಡ್ಡ ತೊಂದರೆ ಹಳೆಯ ದಾಸ್ತಾನು. ಆನ್‌ಲೈನ್‌ನಲ್ಲಿ ತರಿಸಿದ ಒಂದು ಪ್ರತಿಯ ಹೊದಿಕೆಯ ಮೇಲೆ ‘ಇತ್ತೀಚಿನ ತಿದ್ದುಪಡಿಗಳೊಂದಿಗೆ’ ಎಂದಿತ್ತು. ಒಳಗೆ ಸೆಕ್ಷನ್ 1ರಲ್ಲಿ ‘ಜಮ್ಮು ಮತ್ತು ಕಾಶ್ಮೀರ ರಾಜ್ಯವನ್ನು ಬಿಟ್ಟು’ ಎಂಬ ಮಾತು ಹಾಗೇ ಉಳಿದಿತ್ತು. ಆ ಪದಗಳು 2019ರಲ್ಲೇ ಹೋಗಿವೆ. ವಾಪಸ್ ಕಳಿಸಿದೆ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆ ಇದು: ಸೆಕ್ಷನ್ 1ರಲ್ಲಿ ಆ ಮಾತು ಇದ್ದರೆ ಪುಸ್ತಕ ಕೆಳಗಿಡಿ. ಆಮೇಲೆ ಸೆಕ್ಷನ್ 28 ತೆರೆಯಿರಿ. ಬ್ಯಾಂಕ್ ಗ್ಯಾರಂಟಿಗಳ ಬಗ್ಗೆ ಮೂರನೇ ವಿನಾಯಿತಿ ಇರಬೇಕು. ಅದನ್ನು 2012ರ ತಿದ್ದುಪಡಿ ಸೇರಿಸಿತು. ಅದೂ ಇಲ್ಲದಿದ್ದರೆ ಆ ಪುಸ್ತಕ ಇನ್ನೂ ಹಳೆಯದು.

ಅಡಿಟಿಪ್ಪಣಿ ಇರುವ ಮುದ್ರಣವನ್ನೇ ಆರಿಸಿ. ಯಾವ ಪದ ಯಾವ ಕಾಯ್ದೆಯಿಂದ ಬಂತು, ಯಾವಾಗ ಹೋಯಿತು ಎಂದು ಪುಟದ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಕೆಲವು ಅಗ್ಗದ ಮುದ್ರಣಗಳು ಇದನ್ನು ಪೂರ್ತಿ ತೆಗೆದುಬಿಡುತ್ತವೆ. ಕಾಗದ ಉಳಿಯುತ್ತದೆ, ಕಾಯ್ದೆಯ ಇತಿಹಾಸ ಹೋಗುತ್ತದೆ. ಅಕ್ಷರದ ಗಾತ್ರ ನನಗೆ ಇನ್ನೊಂದು ತಕರಾರು. ಉದಾಹರಣೆಗಳನ್ನು ಎಷ್ಟು ಸಣ್ಣದಾಗಿ ಅಚ್ಚು ಹಾಕುತ್ತಾರೆಂದರೆ ಮಕ್ಕಳು ಅದು ಓದಬೇಕಾದ ಭಾಗವೇ ಅಲ್ಲ ಎಂದುಕೊಳ್ಳುತ್ತಾರೆ. ಪುಸ್ತಕದ ಅತಿ ಸೊಗಸಾದ ಭಾಗಕ್ಕೆ ಹೀಗಾಗಬಾರದು. ಅಂಚಿನಲ್ಲಿ ಬರೆಯಲು ಜಾಗ ಇರುವ ಪ್ರತಿ ಸಿಕ್ಕರೆ ನಾಲ್ಕು ಕಾಸು ಜಾಸ್ತಿಯಾದರೂ ಅದನ್ನೇ ತಗೊಳ್ಳಿ.

ಪುಸ್ತಕ ಕೊಳ್ಳಲಾಗದವರಿಗೆ ಇಂಡಿಯಾ ಕೋಡ್ ಇದೆ. ಕೇಂದ್ರ ಸರ್ಕಾರದ ಜಾಲತಾಣ, ಪೂರ್ತಿ ಉಚಿತ. ಕಾಯ್ದೆಗಳನ್ನು ಸೆಕ್ಷನ್ ಸೆಕ್ಷನ್ ಆಗಿ ತೆರೆದು ಓದಬಹುದು. ಪುಸ್ತಕ ಇದ್ದವರೂ ತಿದ್ದುಪಡಿಯ ಅನುಮಾನ ಬಂದಾಗ ಇಲ್ಲಿ ನೋಡಿಕೊಳ್ಳಬೇಕು. ಆದರೆ ಮೊದಲ ಓದಿಗೆ ನಾನು ಕಾಗದವನ್ನೇ ಹೇಳುತ್ತೇನೆ. ಮೊಬೈಲ್ ಪರದೆಯಲ್ಲಿ ಒಂದು ಸೆಕ್ಷನ್ ಮಾತ್ರ ಕಾಣುತ್ತದೆ. ಸೆಕ್ಷನ್ 10 ಓದುತ್ತಾ 11ಕ್ಕೆ, 13ಕ್ಕೆ, 23ಕ್ಕೆ ಬೆರಳಿಟ್ಟು ಹಿಂದೆ ಮುಂದೆ ಹೋಗುವುದು ಪುಸ್ತಕದಲ್ಲಿ ಸುಲಭ.

ಇಂಗ್ಲಿಷ್ ಪಠ್ಯದ ಎದುರಿಗೆ ಕನ್ನಡ ಅನುವಾದ ಇರುವ ಪುಸ್ತಕ ಸಿಕ್ಕರೆ ಕನ್ನಡ ಮಾಧ್ಯಮದಿಂದ ಬಂದವರಿಗೆ ತುಂಬಾ ಸಹಾಯ. ಆದರೆ ಖಾಸಗಿ ಪ್ರಕಾಶಕರ ಅನುವಾದ ಓದಿ ಅರ್ಥ ಮಾಡಿಕೊಳ್ಳಲು ಮಾತ್ರ. ಸಂಸತ್ತಿನ ಕಾಯ್ದೆಗೆ ಇಂಗ್ಲಿಷ್ ಪಠ್ಯವೇ ಅಧಿಕೃತ ಎಂಬುದು 348ನೇ ವಿಧಿಯ ಸಾಮಾನ್ಯ ನಿಯಮ. 1973ರ ಒಂದು ಕಾಯ್ದೆಯ ಪ್ರಕಾರ ರಾಷ್ಟ್ರಪತಿಗಳ ಅಧಿಕಾರದಡಿ ಪ್ರಕಟವಾದ ಪ್ರಾದೇಶಿಕ ಭಾಷೆಯ ಅನುವಾದಕ್ಕೂ ಅಧಿಕೃತ ಸ್ಥಾನವಿದೆ. ಅಂಗಡಿಯಲ್ಲಿ ಸಿಗುವ ಎಲ್ಲ ಅನುವಾದವೂ ಆ ಸಾಲಿಗೆ ಸೇರುವುದಿಲ್ಲ.

ಯಾರಿಗೆ ಈ ಪುಸ್ತಕ ಬೇಡ? ಪರೀಕ್ಷೆಗೆ ಒಂದು ವಾರ ಇರುವಾಗ ಪಾಸಾಗಲು ದಾರಿ ಹುಡುಕುತ್ತಿರುವವರಿಗೆ ಈಗ ಬೇಡ. ಅವರು ಗೈಡ್ ಓದಲಿ, ಪರೀಕ್ಷೆ ಮುಗಿದ ಮೇಲೆ ಇದನ್ನು ತೆರೆಯಲಿ. ಉಳಿದವರು ಸೆಮಿಸ್ಟರ್ ಶುರುವಾದಾಗಲೇ ಕೊಳ್ಳಿ. ಮೊದಲ ತಿಂಗಳು 1ರಿಂದ 30ರವರೆಗಿನ ಸೆಕ್ಷನ್‌ಗಳನ್ನು ಉದಾಹರಣೆ ಬಿಡದೆ ಓದಿ. ಆಮೇಲೆ 73 ಮತ್ತು 74. ಜಾಮೀನಿನ 126, ಗಿರವಿಯ 172, ಏಜೆನ್ಸಿಯ 182 ಇವನ್ನು ಪಾಠ ಬಂದಾಗ ಓದಿದರೆ ಸಾಕು. ಎಲ್ಲ ಕಾಯ್ದೆಗಳನ್ನೂ ಸೇರಿಸಿ ಕಟ್ಟಿದ ದಪ್ಪ ಸಂಪುಟ ಮೊದಲ ವರ್ಷದಲ್ಲಿ ಬೇಡ, ಅದು ತೆರೆಯದೇ ಉಳಿಯುತ್ತದೆ. ಎರಡನೆಯದಾಗಿ ಕೊಳ್ಳುವುದಾದರೆ 1930ರ ಸರಕು ಮಾರಾಟ ಕಾಯ್ದೆ ತಗೊಳ್ಳಿ. ವಿಷಯಸೂಚಿಯಲ್ಲಿ ಬಿಟ್ಟುಹೋಗಿದ್ದ 76ರಿಂದ 123ರ ಜಾಗದಲ್ಲಿ ಈಗ ಇರುವುದು ಅದೇ.